ಬೇರೂ ಕೊಳಾಯಿಯೂ

ಮನೆಯೆಂದರೆ ಗೋಡೆ, ಮಾಡು, ಬಾಗಿಲು, ಅಂಗಳ ಇವಿಷ್ಟೇ ಎಂದು ಎಣಿಸುವವರು ಅರ್ಧ ಮನೆಯನ್ನು ಮಾತ್ರ ಬಲ್ಲವರು. ಉಳಿದರ್ಧವು ನೆಲದೊಳಗಿರುತ್ತದೆ. ಬೀದಿಯಿಂದ ಒಳಕ್ಕೆ ಬರುವ ಕುಡಿಯುವ ನೀರಿನ ಕೊಳಾಯಿ, ಒಳಗಿನಿಂದ ಬೀದಿಗೆ ಹೋಗುವ ಬಚ್ಚಲಿನ ಕೊಳವೆ, ಇವೆರಡರ ನಡುವೆ ತಮಗೆ ತೋರಿದ ದಾರಿಯಲ್ಲಿ ಹರಿದಾಡುವ ಮರದ ಬೇರುಗಳು, ಇವು ಮೂರೂ ಆ ಕತ್ತಲೆಯ ಮನೆಯ ನಿವಾಸಿಗಳು. ಮೇಲಿನ ಮನೆಯನ್ನು ದಿನಕ್ಕೆರಡು ಸಲ ಗುಡಿಸಿ, ಹಬ್ಬಕ್ಕೊಮ್ಮೆ ಸುಣ್ಣ ಬಳಿಸುವ ಗೃಹಸ್ಥನು ಕೆಳಗಿನ ಮನೆಯನ್ನು ಕಟ್ಟಿಸಿದ ದಿನ ಒಮ್ಮೆ ನೋಡಿದರೆ, ಮತ್ತೆ ನೋಡುವುದು ಏನಾದರೂ ಕೆಟ್ಟ ಮೇಲೆಯೇ.

ಕೆಟ್ಟ ಮೇಲೆ ಅಪರಾಧಿ ಯಾರೆಂದು ಹುಡುಕುವುದು ಮನುಷ್ಯನ ಸ್ವಭಾವ. ಅಂಗಳವನ್ನು ಎಲ್ಲಿ ಅಗೆದರೂ ಮೊದಲು ಗುದ್ದಲಿಗೆ ಸಿಕ್ಕುವುದು ಬೇರು. ಆದುದರಿಂದ ತಪ್ಪೂ ಅದರ ತಲೆಯ ಮೇಲೆಯೇ ಬೀಳುತ್ತದೆ. ಈ ಆಪಾದನೆ ಹೊಸದೇನೂ ಅಲ್ಲ. ಕ್ರಿ.ಪೂ. 11ರಷ್ಟು ಹಿಂದೆಯೇ ರೋಮ್ ನಗರದ ಸೆನೆಟ್ ಸಭೆಯು ಒಂದು ನಿರ್ಣಯವನ್ನು ಮಾಡಿತು. ನಗರಕ್ಕೆ ನೀರು ತರುವ ಬುಗ್ಗೆ, ಕಮಾನು, ಗೋಡೆಗಳ ಎರಡು ಪಕ್ಕಕ್ಕೂ 15 ಅಡಿ, ನಗರದೊಳಗೆ ನೆಲದಡಿಯಲ್ಲಿ ಹರಿಯುವ ಕಾಲುವೆಗಳ ಎರಡು ಪಕ್ಕಕ್ಕೂ 5 ಅಡಿ ಜಾಗವು ಬರಿದಾಗಿರತಕ್ಕದ್ದು, ಅಲ್ಲಿ ಕಟ್ಟಡವನ್ನು ಕಟ್ಟಕೂಡದು, ಮರವನ್ನು ನೆಡಕೂಡದು ಎಂಬುದು ಅದರ ಸಾರ. ಕ್ರಿ.ಶ. 97ರಲ್ಲಿ ಆ ನಗರದ ನೀರಿನ ಅಧಿಕಾರಿಯಾದ ಫ್ರಂಟಿನಸ್ ಎಂಬಾತನು ತನ್ನ ಗ್ರಂಥದಲ್ಲಿ ಈ ನಿರ್ಣಯವನ್ನು ದಾಖಲೆ ಮಾಡಿಟ್ಟಿದ್ದಾನೆ. ಆ ಜನಕ್ಕೆ ಬೇರು ನೀರಿನ ಶತ್ರು.

ಈ ದೇಶದ ಒಬ್ಬ ಪಂಡಿತನು ಅದೇ ಬೇರನ್ನು ಬೇರೊಂದು ಕಣ್ಣಿನಿಂದ ನೋಡಿದನು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ದಕಾರ್ಗಳವೆಂಬ ಒಂದು ಅಧ್ಯಾಯವನ್ನೇ ನೆಲದೊಳಗಿನ ನೀರಿಗೆ ಮೀಸಲಿಟ್ಟು, ನೇರಿಳೆ, ಅತ್ತಿ, ಹೊಳೆಮತ್ತಿ ಮೊದಲಾದ ಮರಗಳನ್ನೂ ಅವುಗಳ ಬಳಿಯ ಹುತ್ತಗಳನ್ನೂ ಕಂಡು ಜಲವೆಲ್ಲಿದೆಯೆಂದು ಗುರುತಿಸುವ ಬಗೆಯನ್ನು ವಿವರಿಸಿದ್ದಾನೆ. ಅವನಿಗೆ ಮರವು ಸಾಕ್ಷಿ. ಕಾಣದ ನೀರನ್ನು ಕಂಡು ಹೇಳುವ ಸಾಕ್ಷಿ. ಆರೋಪಿಯೋ ಸಾಕ್ಷಿಯೋ ಎಂಬ ಈ ವ್ಯಾಜ್ಯವನ್ನು ಬೆಂಗಳೂರಿನ ಹಳೆಯ ಬಡಾವಣೆಯೊಂದರ ಒಂದು ಮನೆತನದವರು 2019ರಲ್ಲಿ ತಮ್ಮ ಅಂಗಳವನ್ನೇ ಅಗೆದು ತೀರ್ಮಾನಿಸಿಕೊಳ್ಳಬೇಕಾಯಿತು.

ಬೆಂಗಳೂರು ನೀರನ್ನು ದೂರದಿಂದ ತಂದುಕೊಂಡೇ ಬೆಳೆದ ಊರು. ಕೆರೆ ಬಾವಿಗಳ ಕಾಲ ಮುಗಿದು, 1896ರಲ್ಲಿ ಹೆಸರಘಟ್ಟದ ಕೆರೆಯಿಂದ ಕೊಳಾಯಿ ನೀರು ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವು ಅದಕ್ಕೆ ನೆರವಾಯಿತು. ಅದೂ ಸಾಲದೆ ಹೋಗಲು, 1974ರಲ್ಲಿ ಕಾವೇರಿಯನ್ನೇ ಕರೆತರಬೇಕಾಯಿತು. ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ, ಯಂತ್ರಗಳ ಬಲದಿಂದ ಹತ್ತಿ ಬರುವ ನೀರು ಅದು. ಇಷ್ಟು ಪ್ರಯಾಣ ಮಾಡಿ ಬಂದ ನೀರು ಮನೆಯ ಹೊಸ್ತಿಲಿಗೆ ಆರು ಅಡಿ ಇರುವಾಗ ಮಣ್ಣು ಪಾಲಾಗುವುದೆಂದರೆ, ದೂರದ ಯಾತ್ರೆ ಮುಗಿಸಿ ಬಂದವನು ತನ್ನ ಊರಿನ ಅಗಸೆಯಲ್ಲಿ ಎಡವಿ ಬಿದ್ದಂತೆ.

ಆ ಮನೆಯನ್ನು ತಂದೆಯವರು 1958ರಲ್ಲಿ ಕಟ್ಟಿಸಿದ್ದರು. ಬೀದಿಯ ದೊಡ್ಡ ಕೊಳಾಯಿಯಿಂದ ಮೀಟರಿನವರೆಗೂ, ಮೀಟರಿನಿಂದ ಹಿತ್ತಲಿನ ತೊಟ್ಟಿಯವರೆಗೂ ಸತುವಿನ ಲೇಪವಿದ್ದ ಕಬ್ಬಿಣದ ಪೈಪನ್ನು ಹೂಳಿಸಿದ್ದರು. 1961ರಲ್ಲಿ ತಾಯಿಯವರು ಪಕ್ಕದ ಅಂಗಳದಲ್ಲಿ ಒಂದು ಅತ್ತಿಯ ಸಸಿಯನ್ನು ನೆಟ್ಟರು. ದತ್ತಾತ್ರೇಯನಿಗೆ ಪ್ರಿಯವಾದ ಮರವೆಂದು ಗುರುವಾರಗಳಲ್ಲಿ ಅದಕ್ಕೆ ಪ್ರದಕ್ಷಿಣೆ ಬರುತ್ತಿದ್ದರು. ಸಸಿಗೂ ಕೊಳಾಯಿಗೂ ನಡುವೆ ಆರು ಅಡಿಯ ಅಂತರವಿತ್ತು. ಮೊಣಕಾಲೆತ್ತರದ ಸಸಿಗೆ ಆರು ಅಡಿಯೆಂದರೆ ಪರದೇಶ. ಐವತ್ತು ವರ್ಷದ ಅತ್ತಿಗೆ ಅದು ಪಕ್ಕದ ಕೋಣೆ. ಸಸಿ ನೆಡುವವರು ಮರವನ್ನು ನೆನೆಯುವುದು ಅಪರೂಪ. ಮಕ್ಕಳನ್ನು ಸಾಕುವವರಿಗೂ ಅಷ್ಟೆ, ಮುಂದೆ ಅವರೇ ಮುದುಕರಾಗಿ ಜಗಳವಾಡುವರೆಂಬುದು ತೋಚುವುದಿಲ್ಲ.

ಗಂಡುಮಕ್ಕಳು ಇಬ್ಬರು. ಹಿರಿಯರು ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಕಿರಿಯರು ಒಂದು ಕಚೇರಿಯ ಲೆಕ್ಕಪತ್ರದ ವಿಭಾಗದಲ್ಲಿ ಮೂವತ್ತೈದು ವರ್ಷ ದುಡಿದವರು. ತಾಯಿಯವರು 1999ರಲ್ಲಿ ತೀರಿಕೊಂಡರು. 2003ರಲ್ಲಿ ಮನೆ ಎರಡಾಯಿತು. ಪಾಲಿನ ವಿಷಯದಲ್ಲಿ ನಡೆದ ಮಾತುಗಳು ಎಲ್ಲ ಮನೆಗಳಲ್ಲಿಯೂ ನಡೆಯತಕ್ಕಂಥವೇ, ಅವನ್ನು ವಿಸ್ತರಿಸಬೇಕಾದುದಿಲ್ಲ. ಅಂಗಳದ ನಡುವೆ ಒಂದು ಗೋಡೆ ಎದ್ದಿತು. ಅತ್ತಿಯ ಮರವು ಸರಿಯಾಗಿ ಗಡಿಯ ಮೇಲೆ ನಿಂತಿದ್ದುದರಿಂದ, ಗಾರೆಯವನು ಗೋಡೆಯನ್ನು ಕಾಂಡದ ಈ ಬದಿಗೆ ನಿಲ್ಲಿಸಿ, ಆ ಬದಿಯಿಂದ ಮತ್ತೆ ಆರಂಭಿಸಿದನು. ಹೀಗೆ ತಾಯಿ ನೆಟ್ಟ ಮರವೇ ಗೋಡೆಯ ಒಂದು ಭಾಗವಾಯಿತು.

ನೀರನ್ನು ಹಂಚುವುದು ಮಾತ್ರ ಗೋಡೆಯಷ್ಟು ಸುಲಭವಾಗಲಿಲ್ಲ. ಬೇರೆ ಮೀಟರಿಗೆ ಹಣವೂ ಬೇಕು, ಓಡಾಟವೂ ಬೇಕು. ಆದುದರಿಂದ ಇದ್ದ ಮೀಟರನ್ನು ಹಾಗೆಯೇ ಬಿಟ್ಟು, ಅದರಿಂದಾಚೆಗೆ ಹಳೆಯ ಪೈಪನ್ನು ಕತ್ತರಿಸಿ, ಮೂರು ಬಾಯಿಯ ಒಂದು ‘ಟೀ’ ಕೊಂಡಿಯನ್ನು ಹಾಕಿ, ಒಂದು ಕವಲನ್ನು ಅಣ್ಣನ ತೊಟ್ಟಿಗೂ ಇನ್ನೊಂದನ್ನು ತಮ್ಮನ ತೊಟ್ಟಿಗೂ ತಿರುಗಿಸಿದರು. ಗೋಡೆಯ ಕೆಲಸಕ್ಕೆ ಬಂದಿದ್ದವನೇ ಯಾರನ್ನೋ ಕರೆತಂದು ಒಂದು ಮಧ್ಯಾಹ್ನದಲ್ಲಿ ಇದನ್ನು ಮುಗಿಸಿಕೊಟ್ಟನು. ಅಣ್ಣತಮ್ಮಂದಿರು ಒಬ್ಬರ ಮುಖವನ್ನೊಬ್ಬರು ನೋಡಲಾರದ ದಿನಗಳು ಅವು. ಗುಣಿಯೊಳಗೆ ಬಗ್ಗಿ ಕೊಂಡಿ ಬಿಗಿಯಾಗಿದೆಯೇ ಎಂದು ನೋಡುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಮಣ್ಣು ಮುಚ್ಚಿದರು. ನೀರಿನ ಬಿಲ್ಲನ್ನು ಸಮಪಾಲಾಗಿ ಕೊಡುವುದೆಂದು ಒಪ್ಪಂದವಾಯಿತು.

ಆ ಒಪ್ಪಂದವೇ ಮುಂದಿನ ಹದಿನಾರು ವರ್ಷಗಳ ಕಲಹಕ್ಕೆ ಬೀಜವಾಯಿತು. ಅಣ್ಣನ ಮನೆಯಲ್ಲಿ ಮೂರು ಜನ. ತಮ್ಮನ ಮನೆಯಲ್ಲಿ ಐದು. ಮೂವರು ಐವರ ಸಮಕ್ಕೆ ಕೊಡುವುದೇ ಎಂದು ಒಂದು ಕಡೆ ಗೊಣಗು. ಗುಲಾಬಿ ಗಿಡಗಳಿಗೆ ರಬ್ಬರು ಕೊಳವೆ ಹಿಡಿದು ನಿಲ್ಲುವವರು ಅವರೇ ಅಲ್ಲವೇ ಎಂದು ಇನ್ನೊಂದು ಕಡೆ ಗೊಣಗು. ಬಿಲ್ಲು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಆ ಊರಿನಲ್ಲಿ ಬಳಕೆ ಹೆಚ್ಚಿದಷ್ಟೂ ಸಾವಿರ ಲೀಟರಿನ ದರವೂ ಮೆಟ್ಟಿಲು ಮೆಟ್ಟಿಲಾಗಿ ಏರುವ ಪದ್ಧತಿಯಿರುವುದರಿಂದ, ನೀರು ಸ್ವಲ್ಪ ಹೆಚ್ಚಿದರೂ ರೂಪಾಯಿ ಬಹಳ ಹೆಚ್ಚಿದಂತೆ ಕಾಣುತ್ತಿತ್ತು. ಕಿರಿಯರು ತಮ್ಮ ಕಸಬಿಗೆ ತಕ್ಕಂತೆ ಪ್ರತಿಯೊಂದು ಬಿಲ್ಲನ್ನೂ ದಾರದಲ್ಲಿ ಪೋಣಿಸಿ ಇಟ್ಟಿದ್ದರು. 2012ರ ವೇಳೆಗೆ ತಿಂಗಳಿಗೆ 25 ಸಾವಿರ ಲೀಟರಿನ ಆಸುಪಾಸಿನಲ್ಲಿದ್ದ ಬಳಕೆಯು 2018ರಲ್ಲಿ 32 ಸಾವಿರವನ್ನು ದಾಟಿತ್ತು. ಹೆಚ್ಚಿದ ಏಳು ಸಾವಿರವು ಗೋಡೆಯ ಆಚೆಯದೆಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ.

ಹಿರಿಯರಿಗೆ ಲೆಕ್ಕಕ್ಕಿಂತ ಪ್ರಯೋಗದಲ್ಲಿ ನಂಬಿಕೆ. ಒಂದು ದಿನ ನೀರು ಬರುವ ಹೊತ್ತಿಗೆ ತಮ್ಮ ತೊಟ್ಟಿಯ ವಾಲ್ವನ್ನು ಬಿಗಿಯಾಗಿ ಮುಚ್ಚಿ, ಮೀಟರಿನ ಮುಂದೆ ಕುಳಿತು ನೋಡಿದರು. ಮುಳ್ಳು ತಿರುಗುತ್ತಿತ್ತು. ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಬೇಕೇ! ವಿಚಿತ್ರವೆಂದರೆ, ಕಿರಿಯರೂ ಬೇರೊಂದು ದಿನ ತಮ್ಮ ವಾಲ್ವನ್ನು ಮುಚ್ಚಿ ಇದೇ ಪ್ರಯೋಗವನ್ನು ಮಾಡಿ, ಇದೇ ಸಿದ್ಧಾಂತಕ್ಕೆ ಬಂದಿದ್ದರು. ಎರಡು ವಾಲ್ವುಗಳನ್ನೂ ಒಟ್ಟಿಗೆ ಮುಚ್ಚಿ ನೋಡಿದ್ದರೆ ವಿಷಯವು ಅಂದೇ ಹೊರಬೀಳುತ್ತಿತ್ತು. ಆದರೆ ಅದಕ್ಕೆ ಒಬ್ಬರು ಇನ್ನೊಬ್ಬರನ್ನು ಕೂಗಿ ಕರೆಯಬೇಕಾಗಿತ್ತು.

2018ರ ಮಳೆಗಾಲದಲ್ಲಿ ಕಿರಿಯರ ಏಳು ವರ್ಷದ ಮೊಮ್ಮಗಳಿಗೆ ಕಾಮಾಲೆಯಾಯಿತು. ಕಣ್ಣೆಲ್ಲ ಅರಿಸಿನ ಬಣ್ಣಕ್ಕೆ ತಿರುಗಿ, ಅನ್ನವನ್ನು ಕಂಡರೆ ಮುಖ ತಿರುಗಿಸುವಂತಾಗಿ, ಮಗು ಆರು ವಾರ ಹಾಸಿಗೆ ಹಿಡಿಯಿತು. ಇದು ನೀರಿನಿಂದ ಬರುವ ಕಾಯಿಲೆ, ಕುದಿಸದ ನೀರನ್ನು ಕೊಡಬೇಡಿರೆಂದು ವೈದ್ಯರು ಎಚ್ಚರಿಸಿದರು. ಮಗು ಬದುಕಿಕೊಂಡಿತು, ಮನೆಯವರ ಭಯ ಮಾತ್ರ ಉಳಿಯಿತು. ಮುಂದಿನ ಫೆಬ್ರವರಿಯಲ್ಲಿ ಬಚ್ಚಲಿನ ನೀರು ಹೊರಗೆ ಹೋಗದೆ ಒಳಗೇ ನಿಂತಿತು. ಕಟ್ಟಿಕೊಂಡ ಕೊಳವೆಯನ್ನು ಬಿಡಿಸಲು ಬಂದವರು ಒಳಗಿನಿಂದ ನಾಲ್ಕು ಅಡಿ ಉದ್ದದ ಒಂದು ವಸ್ತುವನ್ನು ಎಳೆದು ಅಂಗಳದಲ್ಲಿ ಹಾಕಿದರು. ಅದು ಹೆಂಗಸಿನ ಜಡೆಯಂತಿತ್ತು. ಕಂದು ಬಣ್ಣದ, ಎಳೆ ಎಳೆಯಾದ, ಒದ್ದೆಯಾದ ಬೇರಿನ ಜಡೆ. ಅದೇ ವಾರ ದೇವರ ಕೋಣೆಯ ಗೋಡೆಯ ಬುಡದಲ್ಲಿ ತೇವವೇರಿ ಸುಣ್ಣ ಉದುರತೊಡಗಿತು.

ಕಿರಿಯರು ನಿಶ್ಚಯಿಸಿಬಿಟ್ಟರು. ಮರವನ್ನು ಕಡಿಸತಕ್ಕದ್ದೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಮೇರೆಗೆ ಸ್ವಂತ ಅಂಗಳದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಮರವು ಗಡಿಯಲ್ಲಿದ್ದುದರಿಂದ ಅರ್ಜಿಗೆ ಇಬ್ಬರ ರುಜುವೂ ಇರಲೆಂದು, ಸೊಸೆಯ ಕೈಯಲ್ಲಿ ಕಾಗದವನ್ನು ಅಣ್ಣನ ಮನೆಗೆ ಕಳುಹಿಸಿದರು.

ಹಿರಿಯರು ಕಾಗದವನ್ನು ಓದಿ ಮೇಜಿನ ಮೇಲಿಟ್ಟು, “ಅಮ್ಮ ನೆಟ್ಟ ಮರ, ತಾಯಿ” ಎಂದಷ್ಟೇ ಹೇಳಿದರು. ಆ ಮಾತು ಗೋಡೆಯನ್ನು ದಾಟಿ ಹೋಯಿತು. ಸಂಜೆ ಅದಕ್ಕೆ ಉತ್ತರವೂ ದಾಟಿ ಬಂತು: “ಅಮ್ಮನ ಮರ ದೊಡ್ಡದೋ, ಮಗುವಿನ ಜೀವ ದೊಡ್ಡದೋ, ದೊಡ್ಡಪ್ಪನವರನ್ನೇ ಕೇಳಿ ಬಾ.” ಇದಕ್ಕೆ ಯಾರು ತಾನೇ ಏನು ಹೇಳಿಯಾರು? ಹಿರಿಯರು ಕನ್ನಡಕ ಹಾಕಿಕೊಂಡು ರುಜು ಮಾಡಿದರು. ಆ ರಾತ್ರಿ ಅವರು ಬಹಳ ಹೊತ್ತು ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತಿದ್ದುದನ್ನು ಅವರ ಮಡದಿ ಕಂಡರಾದರೂ ಏನನ್ನೂ ಕೇಳಲಿಲ್ಲ.

ಮರ ಬೀಳುವಾಗ ಕೊಳಾಯಿ ಒಡೆದುಹೋಗದಂತೆ ಅದನ್ನು ಮೊದಲು ಬದಿಗೆ ಸರಿಸಬೇಕೆಂದು, ನಲ್ಲಿ ಕೆಲಸದಲ್ಲಿ ನುರಿತ ಒಬ್ಬ ವಯಸ್ಸಾದ ಮನುಷ್ಯನನ್ನು ಕರೆಸಿದರು. ತಂದೆಯ ಕಾಲದಿಂದಲೂ ಅದೇ ಕಸಬಿನಲ್ಲಿದ್ದವನು. ಅವನು ಮರವನ್ನು ನೋಡಿದನು, ತೇವದ ಗೋಡೆಯನ್ನು ಮುಟ್ಟಿದನು, ಬೇರಿನ ಜಡೆಯನ್ನು ಕೋಲಿನಿಂದ ತಿರುವಿ ಹಾಕಿದನು.

“ಸ್ವಾಮಿ, ಬಚ್ಚಲ ಕೊಳವೆಯೊಳಕ್ಕೆ ಬೇರು ಹೋದದ್ದು ಹೌದು. ಅದು ಮಣ್ಣಿನ ಕೊಳವೆ, ಮೂಳೆ ಮೂಳೆಗೂ ಸಿಮೆಂಟಿನ ಸಂದು. ಸಂದು ಬಿಟ್ಟರೆ ಬೇರು ನುಗ್ಗುತ್ತೆ. ಆದರೆ ಈ ಗೋಡೆಯ ತೇವ ಬಚ್ಚಲ ನೀರಿನದಲ್ಲ. ವಾಸನೆಯಿಲ್ಲ. ಇದು ಕುಡಿಯುವ ನೀರು. ಮರ ಕಡಿದರೆ ಈ ನೀರು ನಿಲ್ಲೋದಿಲ್ಲ” ಎಂದನು.

“ಹಾಗಾದರೆ ಯಾವ ನೀರು?” ಎಂದು ಕಿರಿಯರು ಕೇಳಿದರು.

“ಅದನ್ನು ಮೀಟರನ್ನೇ ಕೇಳಬೇಕು. ನಾಳೆ ನೀರು ಬಿಡುವ ದಿನ. ಎರಡು ಮನೆಯ ವಾಲ್ವನ್ನೂ ಒಟ್ಟಿಗೇ ಮುಚ್ಚಿಸಿ. ದೊಡ್ಡ ಯಜಮಾನರಿಗೂ ಹೇಳಿ.”

ಮಾರನೆಯ ಬೆಳಗ್ಗೆ ಹದಿನಾರು ವರ್ಷಗಳಲ್ಲಿ ಮೊದಲ ಬಾರಿಗೆ ಅಣ್ಣತಮ್ಮಂದಿರಿಬ್ಬರೂ ಒಂದೇ ಹೊತ್ತಿಗೆ ತಮ್ಮ ತಮ್ಮ ವಾಲ್ವುಗಳನ್ನು ಮುಚ್ಚಿ, ಮೀಟರಿನ ಬಳಿ ಬಂದು ನಿಂತರು. ಒಬ್ಬರ ಕಡೆಗೊಬ್ಬರು ನೋಡದೆ ಇಬ್ಬರೂ ಮೀಟರಿನ ಗಾಜನ್ನೇ ನೋಡಿದರು. ಯಾರೂ ಒಂದು ಹನಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೂ ಒಳಗಿನ ಸಣ್ಣ ಚಕ್ರವು ನಿಶ್ಚಿಂತೆಯಾಗಿ ಸುತ್ತುತ್ತಲೇ ಇತ್ತು.

ಕೆಲಸದವನು ಒಂದು ಕಬ್ಬಿಣದ ಸರಳನ್ನು ನೆಲಕ್ಕೆ ಊರಿ, ಅದರ ಮೇಲ್ತುದಿಗೆ ಕಿವಿಯಿಟ್ಟು, ಅಡಿ ಅಡಿಯಾಗಿ ಮುಂದೆ ಸರಿದನು. ನೆಲದೊಳಗೆ ನೀರು ಸೋರುವ ಸ್ಥಳದಲ್ಲಿ ಸರಳಿನೊಳಗಿಂದ ಬುಸುಗುಟ್ಟುವ ಸದ್ದು ಕೇಳಿಬರುತ್ತದೆ. ಮರದ ಬುಡದ ಹತ್ತಿರ, ಗೋಡೆಯ ಅಡಿಪಾಯದ ಮಗ್ಗುಲಲ್ಲಿ ಅವನು ನಿಂತನು. ಅಗೆತ ಎರಡೂವರೆ ಅಡಿಗೆ ಇಳಿದಾಗ ಹಾರೆಗೆ ಮೆತ್ತನೆಯದೇನೋ ತಗುಲಿತು. ಮಣ್ಣನ್ನು ಕೈಯಿಂದ ಬಿಡಿಸಿ ನೋಡಿದರೆ, ಹಕ್ಕಿಯ ಗೂಡಿನಂತೆ ಹೆಣೆದುಕೊಂಡ ಬೇರಿನ ಗಂಟು. ಕತ್ತರಿಸಿ ತೆಗೆದಾಗ ಒಳಗೆ ಕಾಣಿಸಿದ್ದು ಅದೇ ‘ಟೀ’ ಕೊಂಡಿ, 2003ರಲ್ಲಿ ಪಾಲಾದ ದಿನ ಹಾಕಿದ್ದು. ಅದರ ಒಂದು ಕೊರಳಿನಿಂದ ನೂಲಿನಷ್ಟು ಸಣ್ಣದಾಗಿ, ಆದರೆ ಎಡೆಬಿಡದೆ, ನೀರು ಚಿಮ್ಮುತ್ತಿತ್ತು. ಒಂದು ಗೇಣಿನಾಚೆಗೆ ಬಚ್ಚಲಿನ ಕೊಳವೆಯ ಬಿರಿದ ಸಂದು.

ಕೆಲಸದವನು ಕೊಂಡಿಯನ್ನು ಬಿಚ್ಚಿ ಇಬ್ಬರಿಗೂ ತೋರಿಸಿದನು. ಸತುವಿನ ಲೇಪವು ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತದೆ. ಆದರೆ ಕೊಂಡಿ ಹಾಕಲು ಪೈಪಿನ ತುದಿಯಲ್ಲಿ ಮರೆ ಕೊರೆದಾಗ ಆ ಲೇಪವೂ ಕೊರೆದುಹೋಗಿ ಬರಿಯ ಕಬ್ಬಿಣವು ಮೇಲೆ ಬರುತ್ತದೆ. ಆ ಮರೆಗೆ ಸೆಣಬಿನ ನಾರನ್ನು ಸುತ್ತಿ, ಬಣ್ಣದ ಗಟ್ಟಿಯನ್ನು ಮೆತ್ತಿ, ಸಾವಕಾಶವಾಗಿ ಬಿಗಿಯಬೇಕು. ಇಲ್ಲಿ ನಾರನ್ನು ಎರಡು ಸುತ್ತು ಸುತ್ತಿ ಬಿಟ್ಟಿದ್ದರು. ತುಕ್ಕು ಮರೆಯನ್ನು ತಿಂದಿತ್ತು. “ಪೈಪು ಕೆಟ್ಟಿಲ್ಲ ಸ್ವಾಮಿ. ಕೆಟ್ಟಿರೋದು ಎರಡು ಮಾಡಿದ ಜಾಗ” ಎಂದು ಅವನು ತನ್ನ ಕೆಲಸದ ಮಾತನ್ನು ಹೇಳಿದನು. ಕೇಳಿದವರಿಬ್ಬರೂ ನೆಲವನ್ನು ನೋಡಿದರು.

ಆಗ ಹಿರಿಯರಲ್ಲಿದ್ದ ಉಪಾಧ್ಯಾಯರು ಎಚ್ಚತ್ತರು. ತರಗತಿಯಲ್ಲಿ ಮೂವತ್ತು ವರ್ಷ ಹೇಳಿಕೊಟ್ಟ ಪಾಠವು ತಮ್ಮ ಅಂಗಳದ ಕೆಳಗೇ ನಡೆಯುತ್ತಿದ್ದುದು ಅವರ ಮನಸ್ಸಿಗೆ ಹೊಳೆಯಿತು. ಒತ್ತಡದಲ್ಲಿ ನೀರು ಹರಿಯುತ್ತಿರುವ ಗಟ್ಟಿಯಾದ ಕಬ್ಬಿಣದ ಕೊಳಾಯಿಯನ್ನು ಬೇರಿನ ಎಳೆಯ ತುದಿಯು ಕೊರೆಯಲಾರದು. ಅದು ಮಣ್ಣಿನಲ್ಲಿ ತೇವವೂ ಗಾಳಿಯೂ ಇದ್ದ ಕಡೆಗೆ ಬೆಳೆಯುತ್ತದೆ. ಕೊಳಾಯಿ ಹೂಳಲು ತೋಡಿ ಮುಚ್ಚಿದ ಸಡಿಲ ಮಣ್ಣು ಅದಕ್ಕೆ ರಾಜಮಾರ್ಗ. ಚಾರ್ಲ್ಸ್ ಡಾರ್ವಿನ್ ಮಹಾಶಯನು ತನ್ನ ಮಗ ಫ್ರಾನ್ಸಿಸನೊಡನೆ 1880ರಲ್ಲಿ ಪ್ರಕಟಿಸಿದ ಸಸ್ಯಚಲನೆಯ ಗ್ರಂಥದಲ್ಲಿ, ಬೇರಿನ ತುದಿಯು ಸುತ್ತಣ ಸಂಗತಿಗಳನ್ನು ಅರಿತು ಬೇರಿನ ನಡೆಯನ್ನು ತಿರುಗಿಸುವ ಬಗೆಯನ್ನು ಕಂಡು, ಅದನ್ನು ಕೆಳದರ್ಜೆಯ ಪ್ರಾಣಿಯ ಮೆದುಳಿಗೆ ಹೋಲಿಸಿದ್ದಾನೆ. 2017ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಬಟಾಣಿ ಸಸಿಗಳ ಮೇಲಿನ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮಣ್ಣಿನಲ್ಲಿ ತೇವವಿಲ್ಲದಿದ್ದರೂ, ಕೊಳವೆಯೊಳಗೆ ಹರಿಯುವ ನೀರಿನ ಕಂಪನವಿದ್ದ ಕಡೆಗೆ ಆ ಸಸಿಗಳ ಬೇರು ತಿರುಗಿತು. ನಿಜವಾದ ತೇವ ಇನ್ನೊಂದು ಕಡೆ ಸಿಕ್ಕಿದಾಗ ಅದು ಸದ್ದನ್ನು ಬಿಟ್ಟು ತೇವವನ್ನೇ ಹಿಡಿಯಿತು. ಹಾಗೆಂದು ಬೇರು ಪೂರ್ತಿ ನಿರಪರಾಧಿಯೆಂದು ಹೇಳುವಂತಿಲ್ಲ. ಬಿಟ್ಟ ಸಂದಿನೊಳಕ್ಕೆ ಕೂದಲಿನಂತೆ ಹೊಕ್ಕದ್ದು ಒಳಗೆ ದಪ್ಪವಾಗಿ ಬೆಳೆದು ಸಂದನ್ನು ಇನ್ನೂ ಅಗಲಿಸುತ್ತದೆ. ಬಲಿತ ಬೇರು ಕೊಳವೆಯನ್ನು ಎತ್ತಿ ಹಾಕುವುದೂ ಉಂಟು. ಆದರೆ ಅದು ಬಂದದ್ದು ಕರೆದ ಮೇಲೆ. ಕರೆದದ್ದು ಸೋರಿಕೆ.

ಕಿರಿಯರಲ್ಲಿದ್ದ ಲೆಕ್ಕಿಗರೂ ಸುಮ್ಮನಿರಲಿಲ್ಲ. ಚಿಮ್ಮುವ ನೀರಿಗೆ ಒಂದು ಪಾತ್ರೆಯನ್ನು ಹಿಡಿಸಿ, ಗಡಿಯಾರವನ್ನು ನೋಡಿದರು. ನಿಮಿಷಕ್ಕೆ 2 ಲೀಟರು. ಆ ಬೀದಿಗೆ ನೀರು ಬರುವುದು ದಿನ ಬಿಟ್ಟು ದಿನ, ನಾಲ್ಕು ಗಂಟೆಗಳ ಹೊತ್ತು. ಹಾಗಾದರೆ ಒಂದು ಸರದಿಗೆ 480 ಲೀಟರು. ತಿಂಗಳ ಹದಿನೈದು ಸರದಿಗೆ 7,200 ಲೀಟರು. ನಗರವಾಸಿ ಒಬ್ಬನಿಗೆ ದಿನಕ್ಕೆ 135 ಲೀಟರು ಬೇಕೆಂದು ಸರ್ಕಾರದ ಎಣಿಕೆ. ಆ ಎಣಿಕೆಯಲ್ಲಿ ಒಬ್ಬನ ತಿಂಗಳ ಪಾಲು 4,050 ಲೀಟರು. ಎಂದರೆ ಮೂರೂ ಅಲ್ಲದೆ ಐದೂ ಅಲ್ಲದೆ, ಎರಡು ಮನೆಗಳ ನಡುವೆ ಲೆಕ್ಕಕ್ಕೆ ಸಿಕ್ಕದ ಇನ್ನೂ ಇಬ್ಬರಿಗೆ ತುಸು ಕಡಮೆ ಜನರು ವಾಸವಾಗಿದ್ದಂತೆ ಆಯಿತು. ಹದಿನಾರು ವರ್ಷ ಅಣ್ಣನು ತಮ್ಮನ ಬಾಬಿನಲ್ಲಿಯೂ ತಮ್ಮನು ಅಣ್ಣನ ಬಾಬಿನಲ್ಲಿಯೂ ಬರೆದಿಟ್ಟದ್ದು ಇವರ ಖರ್ಚನ್ನು. ಲೆಕ್ಕವೊಂದು ಮನೆಯಲ್ಲಿತ್ತು, ವಿಜ್ಞಾನವೊಂದು ಮನೆಯಲ್ಲಿತ್ತು. ಎರಡೂ ಒಂದು ಹಜಾರದಲ್ಲಿ ಕುಳಿತಿದ್ದರೆ ಗುದ್ದಲಿಯೂ ಬೇಕಾಗುತ್ತಿರಲಿಲ್ಲ.

ಇದಕ್ಕಿಂತ ಭಯಂಕರವಾದ ಮಾತನ್ನು ಕೆಲಸದವನು ಕೊನೆಗೆ ಹೇಳಿದನು. ನೀರು ನಿಂತ ಮೇಲೆ ಕೊಳಾಯಿ ಬರಿದಾಗುತ್ತದೆ. ಬರಿದಾದ ಕೊಳಾಯಿಯು ಸುತ್ತಲಿನದನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಒಳ್ಳೆಯ ನೀರು ಯಾವ ಕಂಡಿಯಿಂದ ಹೊರಗೆ ಹೋಯಿತೋ ಅದೇ ಕಂಡಿಯಿಂದ ಕೆಟ್ಟ ನೀರು ಒಳಗೆ ಬರುತ್ತದೆ. ಗೇಣಿನಾಚೆಗೇ ಬಚ್ಚಲಿನ ಬಿರಿದ ಸಂದು ಇತ್ತು. ಮಗುವಿನ ಕಾಮಾಲೆಯು ಆ ಕಂಡಿಯಿಂದಲೇ ಬಂತೆಂದು ಆಣೆಯಿಟ್ಟು ಹೇಳಬಲ್ಲವರು ಯಾರೂ ಇಲ್ಲ. ಅಲ್ಲವೆಂದು ಹೇಳಬಲ್ಲವರೂ ಇಲ್ಲ. ಕಿರಿಯರು ಗುಣಿಯ ಅಂಚಿನಲ್ಲಿ ಕುಳಿತುಬಿಟ್ಟರು. ಮರವನ್ನು ಕಡಿಸಿ, ಕಾಗದ ಪತ್ರಗಳನ್ನೆಲ್ಲ ಮುಗಿಸಿ, ಮಗುವನ್ನು ಕಾಪಾಡಿದೆನೆಂದು ನೆಮ್ಮದಿಯಾಗಿ ಮಲಗಿದ್ದರೆ ಆ ಕಂಡಿಯು ಇದ್ದಲ್ಲಿಯೇ ಇರುತ್ತಿತ್ತು. ಅದನ್ನು ತೋರಿಸಿಕೊಡಲು ಬೇರು ಕೂಡ ಇರುತ್ತಿರಲಿಲ್ಲ.

“ಅಣ್ಣ, ಅರ್ಜಿ ನನ್ನ ಹತ್ತಿರವೇ ಇದೆ. ಇನ್ನೂ ಕೊಟ್ಟಿಲ್ಲ” ಎಂದರು. ಹದಿನಾರು ವರ್ಷದ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು.

“ಬಿಸಿಲಿನಲ್ಲಿ ಕೂರಬೇಡ, ಏಳು” ಎಂದರು ಹಿರಿಯರು.

ಮುಂದಿನದು ಕೆಲಸದ ವಿಷಯ. ಹಳೆಯ ಕಬ್ಬಿಣವನ್ನೆಲ್ಲ ಕಿತ್ತು, ಮೀಟರಿನಿಂದ ಪ್ರತಿಯೊಂದು ತೊಟ್ಟಿಗೂ ನಡುವೆ ಸಂದಿಲ್ಲದ ಕಪ್ಪು ಪಾಲಿಥೀನ್ ಕೊಳವೆಯನ್ನು ಮರದಿಂದ ದೂರವಾಗಿ ಸುತ್ತಿಸಿ ಹಾಕಿಸಿದರು. ಕವಲೊಡೆಯುವ ಜಾಗವನ್ನು ಮೀಟರಿನ ಪಕ್ಕದಲ್ಲಿಯೇ, ಕಣ್ಣಿಗೆ ಕಾಣುವಂತೆ, ಮುಚ್ಚಳವಿದ್ದ ಒಂದು ಇಟ್ಟಿಗೆಯ ಗೂಡಿನೊಳಗಿಟ್ಟರು. ಬಚ್ಚಲಿನ ಕೊಳವೆಯನ್ನು ಬದಲಿಸಿ ಬೇರೆ ದಾರಿ ಹಿಡಿಸಿದರು. ಕೊಳವೆಯನ್ನು ಹೊಕ್ಕಿದ್ದ ಬೇರನ್ನು ಕಾಂಡದಿಂದ ದೂರದಲ್ಲಿ ಒಂದೇ ಏಟಿಗೆ ಶುದ್ಧವಾಗಿ ಕತ್ತರಿಸಿದರು. ಬುಡದ ಹತ್ತಿರದ ದೊಡ್ಡ ಬೇರುಗಳನ್ನು ಮುಟ್ಟಲಿಲ್ಲ. ಅವುಗಳನ್ನು ಕಡಿದರೆ ಗಾಳಿಗೆ ಮರವು ಮನೆಯ ಮೇಲೆಯೇ ಬೀಳಬಹುದು. ಮಗುವಿನ ನೀರನ್ನು ಕುದಿಸುವುದನ್ನು ಯಾರೂ ನಿಲ್ಲಿಸಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಬಿಲ್ಲು ಬಂದಿತು. ಕಿರಿಯರು ಅದನ್ನು ಸೊಸೆಯ ಕೈಯಲ್ಲಿ ಕಳುಹಿಸದೆ, ತಾವೇ ಬೀದಿಯ ಬಾಗಿಲಿನಿಂದ ಸುತ್ತಿಕೊಂಡು ಅಣ್ಣನ ಜಗಲಿಗೆ ಬಂದರು. ಕಂಕುಳಲ್ಲಿ ಹಳೆಯ ಬಿಲ್ಲುಗಳ ಕಟ್ಟೂ ಇತ್ತು. ಅತ್ತಿಗೆಯವರು ಕಾಫಿ ತಂದಿಟ್ಟರು. ಬಳಕೆಯು 25 ಸಾವಿರಕ್ಕೆ ಇಳಿದಿತ್ತು. ಕಿರಿಯರು ಪೆನ್ಸಿಲು ತೆಗೆದು, ತಿಂಗಳಿಗೆ 7,200, ವರ್ಷಕ್ಕೆ 86,400, ಹದಿನಾರು ವರ್ಷಕ್ಕೆ ಎಂದು ಗುಣಿಸಲು ತೊಡಗಿದರು.

ಹಿರಿಯರು ಅವರ ಕೈಯನ್ನು ಹಿಡಿದು ನಿಲ್ಲಿಸಿದರು. “ಹಾಗೆ ಗುಣಿಸಬೇಡ. ಮೊದಲಿನಿಂದಲೂ ಇಷ್ಟೇ ಸೋರಿರುವುದಿಲ್ಲ. ಶುರುವಿನಲ್ಲಿ ಒಂದೊಂದೇ ಹನಿಯಿದ್ದಿರಬೇಕು” ಎಂದರು.

ಆ ಬೇಸಗೆಯಲ್ಲಿ ಅತ್ತಿಯ ಮರವು ಎಂದಿಗಿಂತ ಹೆಚ್ಚಾಗಿ ಎಲೆ ಉದುರಿಸಿತು. ಇಷ್ಟು ವರ್ಷ ಕೇಳದೆ ದೊರೆಯುತ್ತಿದ್ದ ನೀರು ನಿಂತುಹೋಗಿತ್ತಲ್ಲ! ಅದನ್ನು ಮೊದಲು ಗಮನಿಸಿದವರು ಓರಗಿತ್ತಿಯರು. ಅಕ್ಕಿ ತರಕಾರಿ ತೊಳೆದ ನೀರನ್ನು ಚೆಲ್ಲದೆ, ಎರಡು ಮನೆಗಳಿಂದಲೂ ದಿನಕ್ಕೆ ಒಂದೊಂದು ಬಕೆಟ್ಟು ಮರದ ಬುಡಕ್ಕೆ ಹೋಗತೊಡಗಿತು. ಕಿರಿಯರ ಕಡೆಯ ಬಕೆಟ್ಟನ್ನು ಸುರಿಯುವ ಕೆಲಸ ಮೊಮ್ಮಗಳದು. ಸುರಿದ ಮೇಲೆ ಅವಳು ಬರಿಯ ಬಕೆಟ್ಟನ್ನು ಅಲ್ಲಿಯೇ ಬಿಟ್ಟು, ಗೋಡೆಯೂ ಮರವೂ ಕೂಡುವ ಸಂದಿನಲ್ಲಿ ನುಸುಳಿ ದೊಡ್ಡ ತಾತನ ಮನೆಗೆ ಹೋಗುತ್ತಾಳೆ. ಆ ಸಂದಿಗೆ ಗಾರೆ ತುಂಬಿಸಬೇಕೆಂದು ಮಳೆಗಾಲಕ್ಕೆ ಮೊದಲು ಒಮ್ಮೆ ಮಾತು ಬಂದಿತ್ತು. ಆಮೇಲೆ ಅದನ್ನು ಯಾರೂ ಎತ್ತಲಿಲ್ಲ.